ಬರೋಲೊ (ವೈನ್)

ಬರೋಲೊ ಎಂಬುದು ಇಟಲಿಯ ವಾಯವ್ಯ ಭಾಗದ ಪಿಯೆಮೊಂಟೆ ಪ್ರಾಂತ್ಯದಲ್ಲಿ ತಯಾರಾಗುವ ಪ್ರಸಿದ್ಧ ಕೆಂಪು ವೈನ್. ಇದನ್ನು ನೆಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ತಯಾರಿಸುತ್ತಾರೆ. ಕೂನಿಯೊ ಜಿಲ್ಲೆಯ ಬರೋಲೊ ಎಂಬ ಪುಟ್ಟ ಗ್ರಾಮದಿಂದ ಇದಕ್ಕೆ ಈ ಹೆಸರು ಬಂದಿದೆ. 'ರಾಜರ ವೈನ್, ವೈನ್‌ಗಳ ರಾಜ' ಎಂಬುದು ಇದರ ಬಿರುದು. ಇಂದು ಸಿರಿವಂತಿಕೆಯ ಸಂಕೇತವೆನಿಸಿರುವ ಈ ವೈನ್ ಹುಟ್ಟುವ ಲಾಂಗೆ ಬೆಟ್ಟಪ್ರದೇಶವು ಎರಡನೆಯ ಮಹಾಯುದ್ಧದ ನಂತರದ ವರ್ಷಗಳವರೆಗೂ ಬಡ ರೈತರ ನಾಡಾಗಿತ್ತು.

ಭೌಗೋಳಿಕ ನೆಲೆ

ಬರೋಲೊ ವಲಯವು ಆಲ್ಬಾ ಪಟ್ಟಣದ ನೈಋತ್ಯಕ್ಕಿದೆ. ಒಟ್ಟು 11 ಗ್ರಾಮಗಳ ಭೂಮಿ ಇದಕ್ಕೆ ಸೇರಿದೆ. ಅವುಗಳಲ್ಲಿ ಬರೋಲೊ, ಲಾ ಮೋರಾ, ಕಾಸ್ಟಿಲಿಯೋನೆ ಫಲೆಟ್ಟೊ, ಮೊನ್‌ಫೋರ್ಟೆ ದಾಲ್ಬಾ ಮತ್ತು ಸೆರಲುಂಗಾ ದಾಲ್ಬಾ ಮುಖ್ಯವಾದವು. ದ್ರಾಕ್ಷಿತೋಟಗಳು ಬೆಟ್ಟದ ಇಳಿಜಾರುಗಳಲ್ಲಿವೆ. ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣಾಭಿಮುಖ ಇಳಿಜಾರುಗಳಿಗೆ ಹಿಂದಿನಿಂದಲೂ ಹೆಚ್ಚಿನ ಬೆಲೆ.

ಮಣ್ಣಿನ ಗುಣವೂ ಒಂದೇ ಬಗೆಯದಲ್ಲ. ಪಶ್ಚಿಮದ ಲಾ ಮೋರಾ ಮತ್ತು ಬರೋಲೊ ಗ್ರಾಮಗಳ ಸುತ್ತ ನೀಲಿಛಾಯೆಯ ಸುಣ್ಣಭರಿತ ಜೇಡಿಮಣ್ಣಿದೆ. ಇಲ್ಲಿನ ವೈನ್ ಮೃದುವಾಗಿದ್ದು ಬೇಗ ಪಕ್ವವಾಗುತ್ತದೆ. ಪೂರ್ವದ ಸೆರಲುಂಗಾ ಮತ್ತು ಮೊನ್‌ಫೋರ್ಟೆ ಕಡೆಯ ಮಣ್ಣು ಇನ್ನೂ ಪ್ರಾಚೀನವಾದದ್ದು. ಅಲ್ಲಿನ ವೈನ್ ಒಗರಾಗಿದ್ದು ಹದಕ್ಕೆ ಬರಲು ದೀರ್ಘಕಾಲ ಬೇಕು.

ನೆಬಿಯೋಲೊ ದ್ರಾಕ್ಷಿ

ಪಿಯೆಮೊಂಟೆಯಲ್ಲಿ ಈ ತಳಿಯ ಉಲ್ಲೇಖವು 1268ರಷ್ಟು ಹಿಂದಿನ ದಾಖಲೆಯಲ್ಲಿ ದೊರೆಯುತ್ತದೆ. 'ನೆಬಿಯಾ' ಎಂದರೆ ಇಟಾಲಿಯನ್ ಭಾಷೆಯಲ್ಲಿ ಮಂಜು. ಕೊಯ್ಲಿನ ಕಾಲದಲ್ಲಿ ಕಣಿವೆಗಳನ್ನು ಮುಸುಕುವ ಮಂಜಿನಿಂದ ಈ ಹೆಸರು ಬಂದಿತೆಂದು ಕೆಲವರೂ, ಹಣ್ಣಿನ ಮೇಲಿನ ಬೂದುಬಣ್ಣದ ಪೊರೆಯಿಂದ ಬಂದಿತೆಂದು ಇನ್ನು ಕೆಲವರೂ ಹೇಳುತ್ತಾರೆ. ಇದು ಬೇಗ ಚಿಗುರಿ ತಡವಾಗಿ ಮಾಗುವ ತಳಿ. ಆದುದರಿಂದ ವಸಂತದ ಇಬ್ಬನಿಹಿಮಕ್ಕೂ ಶರತ್ಕಾಲದ ಮಳೆಗೂ ಸಿಲುಕುವ ಭಯ ಇದಕ್ಕೆ ಹೆಚ್ಚು. ಸಿಪ್ಪೆ ತೆಳುವಾಗಿದ್ದರೂ ಒಗರು ಕೊಡುವ ಟ್ಯಾನಿನ್ ಅಂಶ ಇದರಲ್ಲಿ ಬಹಳ. ಹುಳಿಯೂ ಹೆಚ್ಚು. ಬರೋಲೊ ದಶಕಗಳ ಕಾಲ ಕೆಡದೆ ಉಳಿಯಲು ಈ ಎರಡು ಗುಣಗಳೇ ಮುಖ್ಯ ಕಾರಣ. ಮಾಣಿಕ್ಯದ ಬಣ್ಣವು ವರ್ಷ ಕಳೆದಂತೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಗುಲಾಬಿ ಮತ್ತು ಡಾಂಬರಿನ ವಾಸನೆ ಬೆರೆತಂಥ ಪರಿಮಳ ಇದರ ವಿಶಿಷ್ಟ ಲಕ್ಷಣ.

ಇತಿಹಾಸ

ಇಂದಿನ ರೂಪದ ಬರೋಲೊ ಹತ್ತೊಂಬತ್ತನೆಯ ಶತಮಾನದ್ದು. ಅದಕ್ಕೆ ಮುಂಚೆ ನೆಬಿಯೋಲೊ ವೈನ್ ಬಹುಮಟ್ಟಿಗೆ ಸಿಹಿಯಾಗಿರುತ್ತಿತ್ತು. ದ್ರಾಕ್ಷಿ ತಡವಾಗಿ ಮಾಗುತ್ತಿದ್ದುದರಿಂದ, ಚಳಿ ಬಂದೊಡನೆ ಹುದುಗುವಿಕೆ ಅರ್ಧಕ್ಕೆ ನಿಂತು ಸಕ್ಕರೆ ಉಳಿದುಬಿಡುತ್ತಿತ್ತು. ಗ್ರಿನ್‌ಜಾನೆ ಗ್ರಾಮದ ಮೇಯರ್ ಆಗಿದ್ದು, ಮುಂದೆ ಇಟಲಿಯ ಮೊದಲ ಪ್ರಧಾನಿಯಾದ ಕಾವೂರ್ ಹಾಗೂ ಬರೋಲೊ ಕೋಟೆಯ ಒಡತಿ ಜೂಲಿಯಾ ಕೋಲ್ಬೆರ್ ಫಲೆಟ್ಟಿ ಇವರ ತೋಟಗಳಲ್ಲಿ ಸಿಹಿಯಿಲ್ಲದ ವೈನ್ ತಯಾರಿಸುವ ಪ್ರಯತ್ನಗಳು ನಡೆದವು. ಇದರ ಕೀರ್ತಿಯನ್ನು ಫ್ರಾನ್ಸಿನ ಲೂಯಿ ಊದಾರ್ ಎಂಬಾತನಿಗೆ ಕೊಡುವುದು ವಾಡಿಕೆ. ಆದರೆ ಕಾವೂರನ ತೋಟದಲ್ಲಿ ಕೆಲಸಮಾಡಿದ ಪಾವೊಲೊ ಫ್ರಾಂಚೆಸ್ಕೊ ಸ್ತಾಲಿಯೇನೊ ಅವನಿಗಿಂತ ಮೊದಲೇ ಈ ಕೆಲಸ ಮಾಡಿದ್ದನೆಂದು ಇತ್ತೀಚಿನ ಸಂಶೋಧಕರು ವಾದಿಸುತ್ತಾರೆ. ಸಂತಾನವಿಲ್ಲದ ಜೂಲಿಯಾ 1864ರಲ್ಲಿ ತೀರಿಕೊಂಡಾಗ ಆಕೆಯ ಆಸ್ತಿ 'ಓಪೆರಾ ಪಿಯಾ ಬರೋಲೊ' ಎಂಬ ಧರ್ಮಸಂಸ್ಥೆಗೆ ಸೇರಿತು.

ವೈನಿಗೆ ರಾಜಮರ್ಯಾದೆ ದೊರೆತರೂ ಅದನ್ನು ಬೆಳೆಯುವವರ ಬದುಕು ಹಸನಾಗಲಿಲ್ಲ. ಸಣ್ಣ ಹಿಡುವಳಿದಾರರು ದ್ರಾಕ್ಷಿಯನ್ನು ವರ್ತಕರು ಹೇಳಿದ ಬೆಲೆಗೆ ಮಾರಬೇಕಾಗಿತ್ತು. ಆಲ್ಬಾದ ಲೇಖಕ ಬೆಪ್ಪೆ ಫೆನೋಲಿಯೊ 1954ರಲ್ಲಿ ಪ್ರಕಟಿಸಿದ 'ಲಾ ಮಾಲೋರಾ' ಕಾದಂಬರಿ ಈ ಬೆಟ್ಟಗಳ ಬಡತನವನ್ನು ಚಿತ್ರಿಸುತ್ತದೆ. ಯುದ್ಧಾನಂತರ ಅನೇಕ ಯುವಕರು ತೋಟಗಳನ್ನು ಬಿಟ್ಟು ಟುರಿನ್ ಮತ್ತು ಆಲ್ಬಾದ ಕಾರ್ಖಾನೆಗಳಿಗೆ ಹೋದರು.

ತಯಾರಿಕೆ ಮತ್ತು ನಿಯಮಗಳು

ಬರೋಲೊಗೆ 1966ರಲ್ಲಿ ಡಿಒಸಿ ಮತ್ತು 1980ರಲ್ಲಿ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಮಾನ್ಯತೆ ದೊರೆಯಿತು. ನಿಯಮದಂತೆ ವೈನನ್ನು ಕನಿಷ್ಠ 38 ತಿಂಗಳು ಹಳಸಬೇಕು; ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. 'ರಿಸೆರ್ವಾ' ಎಂದು ಹೆಸರಿಸಲು 62 ತಿಂಗಳು ಬೇಕು. ಮದ್ಯಸಾರದ ಪ್ರಮಾಣ ಶೇ. 13ಕ್ಕಿಂತ ಕಡಿಮೆ ಇರುವಂತಿಲ್ಲ.

'ಬರೋಲೊ ಕದನ'

ಹಳೆಯ ಪದ್ಧತಿಯಲ್ಲಿ ದ್ರಾಕ್ಷಿರಸವನ್ನು ಸಿಪ್ಪೆಯೊಡನೆ ಹಲವು ವಾರ ನೆನೆಸಿ, ಬಳಿಕ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. 1980ರ ದಶಕದಲ್ಲಿ ಕೆಲವು ಯುವ ತಯಾರಕರು ನೆನೆಸುವ ಅವಧಿಯನ್ನು ಕೆಲವೇ ದಿನಗಳಿಗೆ ಇಳಿಸಿದರು. 'ಬಾರಿಕ್' ಎಂಬ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳನ್ನು ತಂದರು. ಇದರಿಂದ ವೈನ್ ಬೇಗನೆ ಕುಡಿಯುವ ಹದಕ್ಕೆ ಬಂದು, ವಿದೇಶಗಳಲ್ಲಿ ಬೇಡಿಕೆ ಏರಿತು. ಲಾ ಮೋರಾದ ಎಲಿಯೊ ಆಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರಗರಗಸದಿಂದ ಕತ್ತರಿಸಿ ಹಾಕಿದರು. ಸಿಟ್ಟಾದ ತಂದೆ ಮಗನಿಗೆ ಆಸ್ತಿಯನ್ನೇ ತಪ್ಪಿಸಿದರು. ಇನ್ನೊಂದು ಕಡೆ ಬಾರ್ತೊಲೊ ಮಸ್ಕರೆಲ್ಲೊ ಅವರಂಥ ಸಂಪ್ರದಾಯನಿಷ್ಠರು ಹೊಸ ಪೀಪಾಯಿಯ ವಾಸನೆಯು ದ್ರಾಕ್ಷಿಯ ಸ್ವಂತ ಗುಣವನ್ನು ಮುಚ್ಚಿಹಾಕುತ್ತದೆಂದು ಕೊನೆಯವರೆಗೂ ವಿರೋಧಿಸಿದರು. ಕಾಲಕ್ರಮದಲ್ಲಿ ವಿವಾದ ತಣ್ಣಗಾಯಿತು. ಇಂದು ಅನೇಕರು ದೊಡ್ಡ ಪೀಪಾಯಿಗಳಿಗೆ ಮರಳಿದ್ದಾರೆ. ತೋಟದಲ್ಲಿ ಇಳುವರಿ ತಗ್ಗಿಸಿ ಗುಣಮಟ್ಟ ಹೆಚ್ಚಿಸುವುದು, ನೆಲಮಾಳಿಗೆಯಲ್ಲಿ ಶುಚಿತ್ವ ಕಾಪಾಡುವುದು ಮುಂತಾದ ಹೊಸಬರ ಪಾಠಗಳನ್ನು ಸಂಪ್ರದಾಯಸ್ಥರೂ ಸ್ವೀಕರಿಸಿದ್ದಾರೆ.

ಇಂದಿನ ಸ್ಥಿತಿ

2014ರಲ್ಲಿ ಯುನೆಸ್ಕೊ ಲಾಂಗೆ-ರೊಯೆರೊ ಮತ್ತು ಮೊನ್‌ಫೆರಾಟೊ ಪ್ರದೇಶಗಳ ದ್ರಾಕ್ಷಿತೋಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಲೊ ಕೋಟೆಯಲ್ಲಿ ಈಗ ವೈನ್ ವಸ್ತುಸಂಗ್ರಹಾಲಯವಿದೆ. ಭೂಮಿಯ ಬೆಲೆ ವಿಪರೀತ ಏರಿರುವುದರಿಂದ ಸಣ್ಣ ಕುಟುಂಬಗಳಿಗೆ ಪಿತ್ರಾರ್ಜಿತ ತೋಟವನ್ನು ಪಾಲಾಗದಂತೆ ಉಳಿಸಿಕೊಳ್ಳುವುದು ಕಷ್ಟವಾಗಿದೆ. ತಾಪಮಾನ ಹೆಚ್ಚಿದಂತೆ ಕೊಯ್ಲಿನ ಕಾಲವೂ ಮುಂಚಿತವಾಗುತ್ತಿದೆ. ಹಿಂದೆ ಹಣ್ಣು ಮಾಗುವುದೇ ಇಲ್ಲವೆಂದು ಬಿಟ್ಟಿದ್ದ ತಂಪಾದ ಇಳಿಜಾರುಗಳತ್ತ ಬೆಳೆಗಾರರು ಈಗ ಗಮನ ಹರಿಸುತ್ತಿದ್ದಾರೆ.