ಪರೀಕ್ಷೆ ನುಂಗಿದ ಬೇಸಿಗೆ

2025ರ ದ್ವಿತೀಯ ಪಿಯುಸಿ ಪರೀಕ್ಷೆ-1 ಮಾರ್ಚ್ 20ಕ್ಕೆ ಮುಗಿಯಿತು. ಏಪ್ರಿಲ್ 8ಕ್ಕೆ ಫಲಿತಾಂಶ ಬಂತು. 16 ಮತ್ತು 17ಕ್ಕೆ ಸಿಇಟಿ. 24ರಿಂದ ಮೇ 8ರವರೆಗೆ ಪರೀಕ್ಷೆ-2. ಅಲ್ಲೂ ದಾಟದವರಿಗೆ ಜೂನ್ 9ರಿಂದ ಪರೀಕ್ಷೆ-3. ಪಿಯು ಓದುವ ಮಕ್ಕಳಿರುವ ಮನೆಗಳ ಕ್ಯಾಲೆಂಡರಿನಲ್ಲಿ ಇಂಥ ತಾರೀಖುಗಳಿಗೆಲ್ಲ ಸುತ್ತು ಹಾಕಿರುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬ್ಯಾಸ್ಕೆಟ್‌ಬಾಲ್ ಚೆಂಡು ಹಿಡಿದು ಬೆಳೆದ ಹುಡುಗ ಹುಡುಗಿಯರಿಗೆ ಅದೇ ಕ್ಯಾಲೆಂಡರಿನಲ್ಲಿ ಇನ್ನೊಂದು ಲೆಕ್ಕವೂ ಇರುತ್ತದೆ. ಬೇಸಿಗೆ ಕ್ಯಾಂಪ್ ಯಾವಾಗ, ಕ್ರೀಡಾನಿಲಯದ ಸೆಲೆಕ್ಷನ್ ಯಾವಾಗ, ಜಿಲ್ಲಾ ತಂಡದ ಆಯ್ಕೆ ಯಾವಾಗ? ಎರಡು ಲೆಕ್ಕಗಳು ಒಂದರ ಮೇಲೊಂದು ಬಿದ್ದಾಗ ಗೆಲ್ಲುವುದು ಪರೀಕ್ಷೆಯೇ. ಗೆಲ್ಲಬೇಕಾದ್ದೂ ಅದೇ ಎಂದು ಹೆತ್ತವರು ಹೇಳುತ್ತಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆಟ ಮತ್ತು ಓದು ಹೀಗೆ ನಡುಬೇಸಿಗೆಯಲ್ಲಿ ಮುಖಾಮುಖಿಯಾಗುವ ಸ್ಥಿತಿ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಕಥೆ ಮಂಡ್ಯದಲ್ಲಿ ನಿಲ್ಲುವುದಿಲ್ಲ. ದೆಹಲಿಗೂ ಅಮೆರಿಕಕ್ಕೂ ಹೋಗಿ ತಿರುಗಿ ಬರುತ್ತದೆ.

ಬ್ಯಾಸ್ಕೆಟ್‌ಬಾಲ್ ಈ ಸೀಮೆಯ ಹಳ್ಳಿಗಳ ಆಟವಲ್ಲ. ಕಬಡ್ಡಿಗೆ ಮಣ್ಣಿನ ಅಂಕಣ ಸಾಕು, ಖೋ ಖೋಗೆ ಎರಡು ಕಂಬ ನೆಟ್ಟರಾಯಿತು, ವಾಲಿಬಾಲಿಗೆ ಒಂದು ನೆಟ್ಟು ಕಟ್ಟಿದರೆ ಸಂಜೆಗೆ ಊರೇ ಸೇರುತ್ತದೆ. ಬ್ಯಾಸ್ಕೆಟ್‌ಬಾಲಿಗೆ ಹಾಗಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, 3.05 ಮೀಟರ್ ಎತ್ತರದಲ್ಲಿ ಅಲುಗಾಡದ ರಿಂಗು ಬೇಕು. ಹಾಗಾಗಿ ಆಟ ಪೇಟೆಯಲ್ಲಿ, ಜಿಲ್ಲಾ ಕೇಂದ್ರದಲ್ಲಿ, ದೊಡ್ಡ ಕಾಲೇಜುಗಳ ಆವರಣದಲ್ಲಿ ಬೇರುಬಿಟ್ಟಿತು. ಎತ್ತರವಿರುವ ಹಳ್ಳಿಯ ಮಗುವನ್ನು ಪಿ.ಟಿ. ಮೇಷ್ಟ್ರು ಗುರುತಿಸಿದರೂ, ಆಟ ಕಲಿಯಲು ಅದು ಊರು ಬಿಟ್ಟು ಬರಲೇಬೇಕು. ಮದ್ದೂರಿನಿಂದ ಮಂಡ್ಯಕ್ಕೆ ರೈಲಿದೆ, ಬೆಂಗಳೂರು-ಮೈಸೂರು ಹೆದ್ದಾರಿಯಿದೆ. ಮಳವಳ್ಳಿಗೆ ರೈಲಿಲ್ಲ, ಕೆ.ಎಂ. ದೊಡ್ಡಿ ಹಾದು ಬರುವ ಬಸ್ಸನ್ನೇ ನಂಬಬೇಕು. ಶಾಲೆ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಮಂಡ್ಯದ ಕೋರ್ಟಿನಲ್ಲಿ ನಿಂತು, ಒಂಬತ್ತೂವರೆಗೆ ಮಳವಳ್ಳಿಯ ತರಗತಿಯಲ್ಲಿ ಕೂರುವುದು ಆಗುವ ಮಾತಲ್ಲ. ಈ ಮಕ್ಕಳಿಗೆ ಬೇಸಿಗೆ ಯಾಕೆ ಅಷ್ಟು ಮುಖ್ಯ ಎಂಬುದು ಇಲ್ಲೇ ಗೊತ್ತಾಗುತ್ತದೆ. ವರ್ಷದಲ್ಲಿ ಆ ಆರೆಂಟು ವಾರ ಮಾತ್ರ ನೆಂಟರ ಮನೆಯಲ್ಲೋ ಗೆಳತಿಯ ರೂಮಿನಲ್ಲೋ ಉಳಿದು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಆಡಲು ಸಾಧ್ಯ. ಪಟ್ಟಣದ ಮಗುವಿಗೆ ಬೇಸಿಗೆ ಕ್ಯಾಂಪ್ ತಪ್ಪಿದರೆ ಜೂನ್‌ನಲ್ಲಿ ಮತ್ತೆ ಸಂಜೆಯ ಕೋರ್ಟಿದೆ. ಹಳ್ಳಿಯ ಮಗುವಿಗೆ ತಪ್ಪಿದರೆ ಒಂದು ವರ್ಷದ ಆಟವೇ ತಪ್ಪಿತು.

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಂಥ ಕಡೆ ಏಪ್ರಿಲ್ ತಿಂಗಳ ಅಭ್ಯಾಸ ಎಂದರೆ ಬಿಸಿಲಿನ ಜೊತೆಗಿನ ಗುದ್ದಾಟ. ಎಂಟು ಗಂಟೆ ದಾಟಿದರೆ ಸಿಮೆಂಟು ನೆಲ ಶೂನ ಅಟ್ಟೆಯ ಮೂಲಕ ಕಾಲು ಸುಡಲು ಶುರುಮಾಡುತ್ತದೆ. ಅಷ್ಟರೊಳಗೆ ಓಟ, ಜಿಗಿತ, ಎಡಗೈ ಡ್ರಿಬಲ್, ಲೇ-ಅಪ್ ಎಲ್ಲ ಮುಗಿದಿರಬೇಕು. ಎಡಗೈ ಪಳಗುವುದಕ್ಕೇ ತಿಂಗಳು ಬೇಕು. ಬಲಗೈಯವರು ಮೊದಮೊದಲು ಎಡಗೈಯಲ್ಲಿ ಚೆಂಡು ತಟ್ಟುವಾಗ ಕಣ್ಣು ನೆಲದ ಮೇಲೇ ಇರುತ್ತದೆ. ದಿನಾ ನೂರಾರು ಸಲ ತಟ್ಟಿ ತಟ್ಟಿ ಒಂದು ದಿನ ತಲೆ ತಾನಾಗಿ ಮೇಲೇಳುತ್ತದೆ, ಆಗಲೇ ಜೊತೆಗಾರ್ತಿ ಎಲ್ಲಿದ್ದಾಳೆಂದು ಕಾಣುವುದು. ಇದು ವಾರಕ್ಕೊಂದು ಭಾನುವಾರ ಬಂದು ಕಲಿಯುವ ವಿದ್ಯೆಯಲ್ಲ.

ಆಟ ಮತ್ತು ತರಗತಿಯ ನಂಟು ಬ್ಯಾಸ್ಕೆಟ್‌ಬಾಲಿಗೆ ಹುಟ್ಟಿನಿಂದಲೇ ಬಂದದ್ದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಚಳಿಗಾಲದ ವ್ಯಾಯಾಮ ತರಗತಿಗೆಂದು ಈ ಆಟ ಕಟ್ಟಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆದು ಶುರುವಾದದ್ದು ಒಂದು ಪಾಠ. ನಮ್ಮ ಕಡೆಗೂ ಆಟ ಬಂದದ್ದು ವೈಎಂಸಿಎ ಕೈಹಿಡಿದೇ. 1920ರಲ್ಲಿ ಎಚ್.ಸಿ. ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹಂಚಿಹೋದರು. ಆಟವನ್ನು ಬೆಳೆಸಿದ್ದು ಕ್ಲಬ್ಬುಗಳಿಗಿಂತ ಹೆಚ್ಚಾಗಿ ವಿದ್ಯಾಸಂಸ್ಥೆಗಳು. ಹಾಗಿದ್ದ ಮೇಲೆ ಯಾರು ವಿದ್ಯಾರ್ಥಿ, ಯಾರು ಅಲ್ಲ ಎಂಬ ಪ್ರಶ್ನೆ ಏಳಲೇಬೇಕಿತ್ತು.

ಭಾರತದಲ್ಲಿ ಆ ಪ್ರಶ್ನೆಗೆ ಉತ್ತರ ಬರೆದದ್ದು 1925ರಲ್ಲಿ ಹುಟ್ಟಿದ ಅಂತರ ವಿಶ್ವವಿದ್ಯಾಲಯ ಮಂಡಳಿ. 1940ರ ದಶಕದ ಆರಂಭಕ್ಕೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳು ಮೊದಲಾದವು. 1973ರಲ್ಲಿ ಅದೇ ಮಂಡಳಿ ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘವಾಯಿತು, ಕಾಲೇಜು ಮಕ್ಕಳ ಬಾಯಲ್ಲಿ ಎ.ಐ.ಯು. ಸಂಬಳದ ಆಟಗಾರರನ್ನೋ, ಎಂದೋ ಓದು ಬಿಟ್ಟವರನ್ನೋ ಕರೆತಂದು ಕಾಲೇಜಿನ ಜರ್ಸಿ ತೊಡಿಸುವುದನ್ನು ತಡೆಯಲು ಎಲಿಜಿಬಿಲಿಟಿ ಫಾರಂ ಇದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮೇಜಿನ ಮೇಲೆ ಆ ಹಾಳೆ ನೋಡಿದವರಿಗೆ ಅದರ ಗತ್ತು ಗೊತ್ತು. ಹುಟ್ಟಿದ ದಿನಾಂಕ, ಹತ್ತನೇ ತರಗತಿ ಪಾಸಾದ ವರ್ಷ, ಹನ್ನೆರಡನೇ ತರಗತಿ ಪಾಸಾದ ವರ್ಷ, ಪದವಿಗೆ ಮೊದಲು ಸೇರಿದ ದಿನ, ಈಗಿನ ಕೋರ್ಸು, ಅದರ ಅವಧಿ, ಎಲ್ಲಾದರೂ ನೌಕರಿಯಲ್ಲಿದ್ದಾರೆಯೇ ಎಂಬ ಪ್ರಶ್ನೆ. ಮೂಲೆಯಲ್ಲಿ ಫೋಟೊ, ಅದರ ಮೇಲೆ ಅರ್ಧ ಹಾಳೆಗೂ ಅರ್ಧ ಮುಖಕ್ಕೂ ಬೀಳುವ ಸೀಲು, ಕೆಳಗೆ ಪ್ರಾಂಶುಪಾಲರ ಸಹಿ, ಅದಕ್ಕೂ ಕೆಳಗೆ ವಿಶ್ವವಿದ್ಯಾಲಯದ ಸಹಿ. ವಯಸ್ಸು 25ರ ಒಳಗಿರಬೇಕು, ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು.

ಗಮನಿಸಬೇಕಾದ್ದು ಏನೆಂದರೆ, ಈ ಫಾರಂ ಎಷ್ಟು ಅಂಕ ಬಂದಿದೆ ಎಂದು ಕೇಳುವುದಿಲ್ಲ. ನೀನು ವಿದ್ಯಾರ್ಥಿಯೇ ಎಂದಷ್ಟೇ ಕೇಳುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಅಂಕದ ಜರಡಿ ಇರುವುದು ಅದಕ್ಕೂ ಮುಂಚೆ, ಕಾಲೇಜಿನ ಬಾಗಿಲಲ್ಲಿ. ಪಿಯು ಪಾಸಾಗದೆ ಪದವಿಗೆ ಪ್ರವೇಶವಿಲ್ಲ, ಪ್ರವೇಶವಿಲ್ಲದೆ ಫಾರಂ ಇಲ್ಲ. 1954ರಲ್ಲಿ ಸ್ಥಾಪನೆಯಾದ ಶಾಲಾ ಕ್ರೀಡಾ ಒಕ್ಕೂಟದ 14, 17, 19 ವಯೋಮಿತಿಯ ಕೂಟಗಳಿಗೂ ಹೋಗಬೇಕಾದವರು ತರಗತಿಯಲ್ಲಿ ಓದುತ್ತಿರುವ ಮಕ್ಕಳೇ. ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ಆಮೇಲೆ ರಾಜ್ಯ ಎಂದು ಮೆಟ್ಟಿಲು ಹತ್ತುವ ಈ ಕೂಟಗಳಲ್ಲಿ ಮಿಂಚಿದ ಹುಡುಗಿಯೊಬ್ಬಳು ದ್ವಿತೀಯ ಪಿಯುನಲ್ಲಿ ಒಂದು ವಿಷಯ ಕಳೆದುಕೊಂಡಳು ಎನ್ನಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಹಾಗಾಗಿ ಪಿಯು ತಂಡದಲ್ಲಿ ಇಲ್ಲ. ಪದವಿಗೆ ಸೇರಿಲ್ಲ, ಹಾಗಾಗಿ ವಿಶ್ವವಿದ್ಯಾಲಯದ ತಂಡದಲ್ಲೂ ಇಲ್ಲ. ನಿನ್ನೆಯವರೆಗೆ ಜಿಲ್ಲೆಯ ಆಟಗಾರ್ತಿ, ಇಂದು ಯಾವ ಪಟ್ಟಿಯಲ್ಲೂ ಇಲ್ಲದವಳು. ಹುಡುಗರಾದರೆ ಸಂಜೆ ಗ್ರೌಂಡಿಗೆ ಬರುವುದನ್ನಾದರೂ ಬಿಡುವುದಿಲ್ಲ. ಹೆಣ್ಣುಮಕ್ಕಳು ಫೇಲಾದರೆ ಆಟದ ಬಟ್ಟೆ ಬೀರು ಸೇರುತ್ತದೆ, ಮದುವೆಯ ಮಾತು ಹೊರಗೆ ಬರುತ್ತದೆ. ಈ ಅಂತರದಲ್ಲಿ ಕಳೆದುಹೋದ ಆಟಗಾರ್ತಿಯರ ಬಗ್ಗೆ ನಮ್ಮ ಕ್ರೀಡಾ ವರದಿಗಳು ಬರೆಯುವುದೇ ಇಲ್ಲ.

ಹಾಗಾಗಿ 2023-24ರ ಸಾಲಿನಿಂದ ಕರ್ನಾಟಕ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಗಳಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದದ್ದು ಆಡುವ ಮಕ್ಕಳ ಪಾಲಿಗೆ ದೊಡ್ಡ ಉಪಕಾರ ಎಂದೇ ನಾನು ನಂಬಿದ್ದೇನೆ. ಹಿಂದೆ ಒಂದು ಪೂರಕ ಪರೀಕ್ಷೆ ಇತ್ತು, ಅದೂ ಕೈಕೊಟ್ಟರೆ ವರ್ಷ ಹೋಯಿತು. 2025ರಲ್ಲಿ ಮಾರ್ಚಿನಲ್ಲಿ ಎಡವಿದವರು ಏಪ್ರಿಲ್-ಮೇನಲ್ಲಿ, ಇಲ್ಲವೇ ಜೂನ್‌ನಲ್ಲಿ ಎದ್ದು ಅದೇ ವರ್ಷ ಪದವಿಗೆ ಸೇರಬಹುದಿತ್ತು, ಡಿಸೆಂಬರ್ ಜನವರಿಯ ಹೊತ್ತಿಗೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಫಾರಂ ತುಂಬಬಹುದಿತ್ತು. ಅಂಕ ಹೆಚ್ಚಿಸಿಕೊಳ್ಳುವವರೂ ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ವರ್ಷ ಉಳಿಯಿತು ನಿಜ, ಆದರೆ ಬೇಸಿಗೆ ಹೋಯಿತು. ಮಾರ್ಚಿನಿಂದ ಜೂನ್‌ವರೆಗೆ ಪುಸ್ತಕ ಮುಚ್ಚುವ ದಿನವೇ ಇರಲಿಲ್ಲ. ಒಂದು ವಿಷಯ ಬಾಕಿ ಇರುವ ಹುಡುಗಿಯನ್ನು ಯಾವ ತಾಯಿ ಮಂಡ್ಯದ ಕ್ಯಾಂಪಿಗೆ ಕಳಿಸುತ್ತಾಳೆ? ಪಾಸಾಗಿ ಜುಲೈನಲ್ಲಿ ಕಾಲೇಜು ಸೇರುವಾಗ ಅವಳ ಕಾಗದಪತ್ರ ಎಲ್ಲ ಸರಿಯಿರುತ್ತದೆ, ಆದರೆ ಕಾಲಿನಲ್ಲಿ ಓಟ ಇರುವುದಿಲ್ಲ. ತಂಡದ ಆಯ್ಕೆಯಲ್ಲಿ ಅವಳ ಪಕ್ಕ ನಿಲ್ಲುವವಳು ಬೇಸಿಗೆಯಿಡೀ ಆಡಿದವಳು.

ಹಾಜರಿಯ ಲೆಕ್ಕವೂ ಹೀಗೇ ಒಳಗೊಳಗೆ ಕಚ್ಚುತ್ತದೆ. ಶೇ 75ರ ಹಾಜರಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಟೂರ್ನಿಗೆ ಹೋದ ದಿನಗಳಿಗೆ ಓ.ಡಿ. (ಆನ್ ಡ್ಯೂಟಿ) ಹಾಜರಿ ಸಿಗುತ್ತದೆ, ಆದರೆ ಅಂದು ನಡೆದ ಪಾಠ ಓ.ಡಿ.ಯಲ್ಲಿ ಬರುವುದಿಲ್ಲ. ಅಕೌಂಟೆನ್ಸಿಯಲ್ಲೋ ಗಣಿತದಲ್ಲೋ ತಪ್ಪಿದ ಎರಡು ವಾರವನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡದಿದ್ದರೆ ಮಾರ್ಚಿನಲ್ಲಿ ಅದು ಬಾಕಿ ವಿಷಯವಾಗಿ ತಿರುಗಿ ಬರುತ್ತದೆ. ಆಡಿದ್ದಕ್ಕೇ ಫೇಲಾದಳು ಎಂದು ಊರು ಹೇಳುತ್ತದೆ. ಪಾಠ ತಪ್ಪಿದ್ದಕ್ಕೆ ಫೇಲಾದಳು ಎನ್ನುವುದೇ ಸರಿ.

ಅಮೆರಿಕದವರು ಈ ಗಂಟನ್ನು ಬೇರೆ ಥರ ಬಿಚ್ಚಲು ಹೊರಟರು. ಅಲ್ಲಿ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ 1906ರಲ್ಲಿ ಹುಟ್ಟಿದ್ದು. 1983ರಲ್ಲಿ ಒಪ್ಪಿ 1986ರಿಂದ ಜಾರಿಗೆ ತಂದ ಪ್ರೊಪೊಸಿಷನ್ 48 ಎಂಬ ನಿಯಮ, ಹೊಸದಾಗಿ ಸೇರುವ ಆಟಗಾರ ಹೈಸ್ಕೂಲಿನ 11 ಮೂಲ ವಿಷಯಗಳಲ್ಲಿ ಸರಾಸರಿ 2.0 ಮತ್ತು ಎಸ್‌ಎಟಿ ಪ್ರವೇಶ ಪರೀಕ್ಷೆಯಲ್ಲಿ 700 ಅಂಕ ಪಡೆದಿರಬೇಕು ಎಂದಿತು. ಬಡ ಶಾಲೆಗಳಲ್ಲಿ ಓದಿದ ಕಪ್ಪು ಹುಡುಗರಿಗೆ ಅದರ ಪೆಟ್ಟು ಹೆಚ್ಚು ಬಿತ್ತು. ನಿಯಮವನ್ನು ಇನ್ನಷ್ಟು ಬಿಗಿಮಾಡಿ, ಅಂಕವಿಲ್ಲದವರಿಗೆ ವಿದ್ಯಾರ್ಥಿವೇತನವನ್ನೂ ತಡೆಯಲು ಹೊರಟಾಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೋಚ್ ಜಾನ್ ಥಾಂಪ್ಸನ್ 1989ರ ಜನವರಿ 14ರಂದು ಪಂದ್ಯ ಶುರುವಾಗುವ ಮುಂಚೆ ಕೋರ್ಟು ಬಿಟ್ಟು ಹೊರನಡೆದರು. ಈಗ ಅಲ್ಲಿ 16 ಮೂಲ ವಿಷಯಗಳಲ್ಲಿ 2.3 ಸರಾಸರಿ ಬೇಕು, ಅವುಗಳಲ್ಲಿ ಹತ್ತನ್ನು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿಸಿರಬೇಕು. ಪ್ರವೇಶ ಪರೀಕ್ಷೆಯ ಅಂಕದ ಷರತ್ತನ್ನು 2023ರಲ್ಲಿ ಕೈಬಿಟ್ಟರು.

ಈ ನಿಯಮ ನಮ್ಮವರನ್ನೂ ಮುಟ್ಟಿದೆ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದಾಗ ಹದಿನಾಲ್ಕು ತುಂಬಿದ ಹುಡುಗ, ಇಂಗ್ಲಿಷ್ ಬಾರದು. ಏಳಡಿ ಎತ್ತರದ ಆ ಹುಡುಗನಿಗೆ ಕಾಲೇಜು ತಂಡದ ದಾರಿ ಓದಿನ ಅರ್ಹತೆಯಲ್ಲಿ ಮುಚ್ಚಿಹೋಯಿತು. 2015ರಲ್ಲಿ ನೇರ ಎನ್‌ಬಿಎ ಆಯ್ಕೆಗೆ ಹೆಸರು ಕೊಟ್ಟು 52ನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್ ಪಾಲಾದ. ಆಯ್ಕೆಯಾದ ಮೊದಲ ಭಾರತೀಯ ಎಂದು ಎಲ್ಲರೂ ಸಂಭ್ರಮಿಸಿದೆವು. ಕಾಲೇಜಿನ ನಾಲ್ಕು ವರ್ಷ ಆಡಿ ಪಳಗುವ ಅವಕಾಶ ಅವನಿಗೆ ಸಿಗಲಿಲ್ಲ, ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಇನ್ನೊಂದು ಬದಿಗೆ ಬೆಂಗಳೂರಿನ ಸಂಜನಾ ರಮೇಶ್ ಇದ್ದಾರೆ. ಓದು ಆಟ ಎರಡನ್ನೂ ಕೈಯಲ್ಲಿ ಹಿಡಿದು ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ಡಿವಿಷನ್-1 ತಂಡ ಸೇರಿದ ಕನ್ನಡ ನಾಡಿನ ಹೆಣ್ಣುಮಗಳು. ಅವರ ಸಾಧನೆಯನ್ನು ಮಂಡ್ಯದ ಹುಡುಗಿಯರಿಗೆ ಹೇಳುವಾಗ, ಆ ದಾರಿಗೆ ಇಂಗ್ಲಿಷ್ ಬೇಕು, ಎಂಟು-ಒಂಬತ್ತನೇ ತರಗತಿಯಿಂದಲೇ ಅಂಕಪಟ್ಟಿ ಜೋಡಿಸುತ್ತ ಹೋಗಬೇಕು ಎಂಬುದನ್ನೂ ಹೇಳಬೇಕು.

ಅಮೆರಿಕದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು 2012ರಲ್ಲಿ ಬಂದ ಸಣ್ಣದೊಂದು ಬದಲಾವಣೆ. ಬೇಸಿಗೆಯಲ್ಲಿ ತರಗತಿಗೆ ಸೇರಿಕೊಂಡ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ವಾರಕ್ಕೆ ಎಂಟು ಗಂಟೆಯವರೆಗೆ ತಂಡದ ತಯಾರಿ ನಡೆಸಲು ಅನುಮತಿ ಕೊಟ್ಟರು. ಅಲ್ಲಿ ಬೇಸಿಗೆಯ ಪಾಠವೇ ಬೇಸಿಗೆಯ ಆಟಕ್ಕೆ ರಹದಾರಿ. ಇಲ್ಲಿ ಬೇಸಿಗೆಯ ಪರೀಕ್ಷೆ ಆಟದಿಂದ ಆಚೆ ಕಳಿಸುತ್ತದೆ.

ಓದು ಬೇಡ, ಆಟ ಸಾಕು ಎಂದು ಈ ಜಿಲ್ಲೆಯಲ್ಲಿ ಯಾರೂ ಹೇಳಲಾರರು. ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದ್ದು, ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಭಾರತೀ ಕಾಲೇಜು ಬೆಳೆಸಿದ್ದು ಕಬ್ಬು ಭತ್ತದ ಮನೆಗಳ ಮಕ್ಕಳು ಓದಲೆಂದೇ. ಆಟದಿಂದ ಬರುವ ಅನ್ನವೂ ಓದನ್ನು ಕೇಳುತ್ತದೆ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಕೆಳಗಿನ ಹುದ್ದೆಗೂ ಎಸ್ಸೆಸ್ಸೆಲ್ಸಿ ಬೇಕು, ಮೇಲಿನದಕ್ಕೆ ಪಿಯು, ಇನ್ನೂ ಮೇಲಿನದಕ್ಕೆ ಪದವಿ. ವೃತ್ತಿ ಕೋರ್ಸುಗಳ ಕ್ರೀಡಾ ಕೋಟಾಕ್ಕೆ ರಾಷ್ಟ್ರಮಟ್ಟದ ಸರ್ಟಿಫಿಕೇಟಿನ ಜೊತೆ ಸಿಇಟಿಯನ್ನೂ ಬರೆದಿರಬೇಕು.

ಪದವಿಗೆ ಸೇರಿದವರಿಗೂ ಈಚೆಗೆ ಹೊಸ ಗೊಂದಲ. ಮದ್ದೂರು ಮಳವಳ್ಳಿಯ ಕಾಲೇಜುಗಳ ಮಕ್ಕಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಜರ್ಸಿಗೆ ಸ್ಪರ್ಧಿಸಿದವರು. ದೊಡ್ಡ ವಿಶ್ವವಿದ್ಯಾಲಯ, ಹನ್ನೆರಡು ಜಾಗಕ್ಕೆ ಮೈಸೂರು ನಗರದ ಕಾಲೇಜುಗಳದೇ ನೂಕುನುಗ್ಗಲು. ಮಂಡ್ಯದಲ್ಲಿ 1948ರ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾದಾಗ ಜಿಲ್ಲೆಯ ಆಟಗಾರರಿಗೆ ತಮ್ಮದೇ ತಂಡದ ಆಸೆ ಹುಟ್ಟಿತ್ತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಹೇಳಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಮಂಡ್ಯವೂ ಇತ್ತು. ಎಲಿಜಿಬಿಲಿಟಿ ಫಾರಂನ ತಲೆಯ ಮೇಲೆ ಯಾವ ಹೆಸರು ಇರುತ್ತದೆ ಎಂಬುದು ಹಣಕಾಸಿನ ಚರ್ಚೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಬೇಸಿಗೆಯ ಮಾತಿಗೆ ಬಂದರೆ, ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. 2025ರಲ್ಲಿ ಪರೀಕ್ಷೆ-2 ಮೇ 8ಕ್ಕೆ ಮುಗಿಯಿತು, ಶಾಲೆಗಳು ತೆರೆದದ್ದು ಮೇ 29ಕ್ಕೆ. ನಡುವೆ ಮೂರು ವಾರ ಖಾಲಿ ಇತ್ತು. ಜಿಲ್ಲಾ ಮಟ್ಟದ ಕ್ಯಾಂಪನ್ನು, ಆಯ್ಕೆಯನ್ನು ಏಪ್ರಿಲ್‌ನಿಂದ ಆ ಮೂರು ವಾರಕ್ಕೆ ಸರಿಸಬಹುದು. ಪರೀಕ್ಷೆ-3 ಇರುವ ವರ್ಷ ಅದನ್ನು ಬರೆಯಬೇಕಾದವರು ಅದೇ ಕ್ಯಾಂಪಿನಲ್ಲಿ ಬೆಳಿಗ್ಗೆ ಸಂಜೆ ಆಡಿ, ಬಿಸಿಲೇರಿದ ಮೇಲೆ ನೆರಳಿನ ಕೋಣೆಯಲ್ಲಿ ಉಪನ್ಯಾಸಕರೊಬ್ಬರ ಎದುರು ಬಾಕಿ ವಿಷಯ ಓದಬಹುದು. ಹೇಗೂ ಹತ್ತರಿಂದ ನಾಲ್ಕರವರೆಗೆ ಆ ಸಿಮೆಂಟಿನ ಮೇಲೆ ಕಾಲಿಡಲು ಆಗುವುದಿಲ್ಲ. ಮಳವಳ್ಳಿಯಿಂದ ಬರುವವರಿಗೆ ಆ ಮೂರು ವಾರ ಉಳಿಯಲು ಮಂಡ್ಯದಲ್ಲಿ ಜಾಗ ಕೊಡಬೇಕು. ರಜೆಯಲ್ಲಿ ಬೀಗ ಬಿದ್ದಿರುವ ವಿದ್ಯಾರ್ಥಿನಿಲಯಗಳು ಊರಿನಲ್ಲೇ ಇವೆ.