ಶಾಲೆಗೆ ಬರುವ ಮಾತಿನ ಟೀಚರ್



ಸಂಘವೊಂದರ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ಒಬ್ಬ ತಾಯಿ ಮೆಲ್ಲಗೆ ಹೇಳಿಕೊಂಡರು: "ನನ್ನ ಮಗ ಎರಡನೇ ಕ್ಲಾಸು. ಮಾತು ಅರ್ಧಂಬರ್ಧ. ಇವನ ತಲೆಗೆ ಏನೂ ಹತ್ತಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಶಾಲೆಯಲ್ಲಿ ಹೇಳ್ತಾರೆ." ಸುತ್ತ ಕೂತವರು ತಲೆಗೊಂದು ಸಲಹೆ ಕೊಟ್ಟರು. ಬಜೆ ತೇಯ್ದು ನಾಲಿಗೆಗೆ ಹಚ್ಚು ಅಂದರು ಒಬ್ಬರು. ನಾಲಿಗೆ ಅಡಿಯ ದಾರ ಕತ್ತರಿಸಿದರೆ ಸರಿಹೋಗುತ್ತೆ ಅಂದರು ಇನ್ನೊಬ್ಬರು. ಹುಡುಗನ ಕಿವಿ ಆಗಾಗ ಸೋರುತ್ತಿತ್ತು. ಅದನ್ನು ಮಾತ್ರ ಯಾರೂ ಮಾತಿಗೆ ಸೇರಿಸಿ ನೋಡಿರಲಿಲ್ಲ.

ಹಾಗೆ ಸೇರಿಸಿ ನೋಡುವವರೇ ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್ ಚಿಕಿತ್ಸಕರು. ನಮ್ಮ ದೇಶದಲ್ಲಿ ಮಾತು ಮತ್ತು ಶ್ರವಣ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ.

ಇವರು ಶಾಲೆಗೆ ಬಂದರೆ ಮೊದಲು ನಾಲಿಗೆ ನೋಡುವುದಿಲ್ಲ, ಕಿವಿ ಪರೀಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಸರಿಯಾಗಿ ಕೇಳಿಸದ ಮಗು ಸರಿಯಾಗಿ ಆಡುವುದಾದರೂ ಹೇಗೆ? ಆಮೇಲೆ ತರಗತಿಯ ಹಿಂದೆ ಸುಮ್ಮನೆ ಕೂತು ಗಮನಿಸುತ್ತಾರೆ. ಮಗು ಪ್ರಶ್ನೆ ಅರ್ಥವಾಗದೆ ಸುಮ್ಮನಿದೆಯೋ, ಉತ್ತರ ಗೊತ್ತಿದ್ದೂ ಹೇಳಲಾಗದೆ ಸುಮ್ಮನಿದೆಯೋ ಅಂತ ನೋಡುತ್ತಾರೆ. ಎರಡೂ ಬೇರೆ ಬೇರೆ ತೊಂದರೆ, ಮದ್ದೂ ಬೇರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವ ಮಗುವಿಗೆ ರೋಗವೇನೂ ಇಲ್ಲ. ಮನೆಭಾಷೆಯಲ್ಲಿ ಅದು ಚೆನ್ನಾಗಿ ಮಾತಾಡುತ್ತದಾ ಅಂತ ತಾಯಿಯನ್ನೇ ಕೇಳಿ ತಿಳಿದುಕೊಳ್ಳುತ್ತಾರೆ.

ಅವರ ಅರ್ಧ ಕೆಲಸ ಟೀಚರ ಜೊತೆಗೇ. ಕಿವಿ ಮಂದವಿರುವ ಮಗುವನ್ನು ಮುಂದೆ ಕೂರಿಸಿ, ಬೋರ್ಡಿನ ಕಡೆ ತಿರುಗಿ ಪಾಠ ಹೇಳಬೇಡಿ, ನಿಮ್ಮ ಮುಖ ಕಾಣಲಿ ಅನ್ನುತ್ತಾರೆ. ಉಗ್ಗುವ ಮಗುವಿನ ಮಾತನ್ನು ನೀವೇ ಪೂರ್ತಿ ಮಾಡಬೇಡಿ, ಕಾಯಿರಿ ಅನ್ನುತ್ತಾರೆ. ಓದುವಾಗ ಒತ್ತಕ್ಷರ ನುಂಗುವ ಮಗುವಿಗೆ ಶಬ್ದವನ್ನು ಬಿಡಿಸಿ ಕೇಳುವ ಆಟ ಕಲಿಸುತ್ತಾರೆ.

ಇನ್ನರ್ಧ ನಮ್ಮದು. ವಾರಕ್ಕೊಮ್ಮೆ ಅರ್ಧ ಗಂಟೆ ಹೇಳಿಕೊಟ್ಟ ಮಾತ್ರಕ್ಕೆ ಮಾತು ಬರುವುದಿಲ್ಲ. ಸೊಪ್ಪು ಬಿಡಿಸುವಾಗ, ನೀರು ಹೊರುವಾಗ ಮಗುವಿನ ಜೊತೆ ಮಾತಾಡುತ್ತಿರಬೇಕು. ಮಗು "ಲೊಟ್ಟಿ" ಅಂದರೆ "ತಪ್ಪು" ಅಂತ ಗದರುವ ಬದಲು "ಹೌದು, ರೊಟ್ಟಿ ಬಿಸಿ ಇದೆ" ಅಂದರೆ ಸಾಕು. ("ರ" ತಡವಾಗಿ ಬರುವ ಅಕ್ಷರ, ನಾಲ್ಕು ವರ್ಷದ ಮಗುವಿಗೆ ಬರದಿದ್ದರೆ ಗಾಬರಿ ಬೇಡ.) ಆದರೆ ಎರಡು ವರ್ಷವಾದರೂ "ಅಮ್ಮ ಬಾ" ಅಂತ ಎರಡು ಪದ ಸೇರಿಸದಿದ್ದರೆ, ಮೂರು ವರ್ಷವಾದರೂ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ ಕಾಯಬೇಡಿ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಸ್ಪೀಚ್ ಥೆರಪಿಸ್ಟ್ ಕಾಯಂ ಆಗಿ ಇರುವುದು ಅಪರೂಪ, ಇದು ದೊಡ್ಡ ಕೊರತೆಯೇ. ಆದರೂ ದಾರಿಗಳಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಕೂಲಿ ಹೋದರೂ ಪರವಾಗಿಲ್ಲ, ಮಗುವಿನ ಜೊತೆ ನೀವೂ ಇರಿ. ಅಲ್ಲಿಂದ ಚೀಟಿ ಪಡೆದು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನೂ ಕೇಳಿ. "ಮನೆಯಲ್ಲೇ ಇಟ್ಟುಕೊಳ್ಳಿ" ಅಂತ ಯಾರಾದರೂ ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರು ಹೇಳಿ. ಕಿವುಡು ಮತ್ತು ಮಾತಿನ ತೊಂದರೆ ಅದರ 21 ವಿಧಗಳಲ್ಲಿ ಸೇರಿವೆ. ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳನ್ನು ಬೇಡ ಅನ್ನುವ ಹಾಗಿಲ್ಲ. ಒಬ್ಬರೇ ಹೋಗಲು ಅಳುಕಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಆ ತಾಯಿಯ ಜೊತೆಗೂ ಇಬ್ಬರು ಹೋದರು. ಕಿವಿಗೆ ಔಷಧಿ ಆಯಿತು, ಪರೀಕ್ಷೆ ಆಯಿತು. ಹುಡುಗ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾನೆ. "ಸ", "ಶ" ಅವನಿಗೆ ಇನ್ನೂ ಒಂದೇ. ಮೊದಲು ಹಾಜರಿ ಕರೆದಾಗ ಪಕ್ಕದ ಹುಡುಗ ಇವನ ಪರವಾಗಿ ಹೇಳುತ್ತಿದ್ದ, ಈಗ ಇವನೇ ಎದ್ದು ನಿಂತು ಹೇಳುತ್ತಾನಂತೆ.