‘ಹೆಣ್ಮಕ್ಕಳ ಕೈ ಸೂಕ್ಷ್ಮ’ ಅಂದರೆ ತಪ್ಪೇನು?

ಹಿರೇಕೆರೂರು ಸೀಮೆಯ ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಸಾಲು ಹಿಡಿದವರಲ್ಲಿ ಹೆಣ್ಣಾಳುಗಳೇ ಹೆಚ್ಚು. ಸಂಜೆ ಮೊಗ್ಗಿನ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡುಸಾಲಿನ ಪರಾಗ ಮುಟ್ಟಿಸಬೇಕು. ಈ ‘ಕ್ರಾಸಿಂಗ್’ಗೆ ಹೆಂಗಸರೇ ಯಾಕೆ ಎಂದು ಕೇಳಿದರೆ ಹೊಲದವರ ಉತ್ತರ ಸಿದ್ಧ: “ಹೆಣ್ಮಕ್ಕಳ ಕೈ ಸೂಕ್ಷ್ಮ ನೋಡ್ರಿ.” ಆ ಹೆಣ್ಣುಮಕ್ಕಳನ್ನೇ ಕೇಳಿ: “ಹೌದ್ರೀ, ಗಂಡಸ್ರಿಗೆ ಇಷ್ಟ ತಾಳ್ಮಿ ಎಲ್ಲೈತಿ?” ಹಾಗಾದರೆ ಕೂಲಿ ಯಾಕೆ ಕಮ್ಮಿ? “ನಮ್ದು ಹಗೂರ ಕೆಲಸ ಅಲ್ಲೇನ್ರೀ?”

ಈ ಮಾತುಗಳಲ್ಲಿ ಅಡಗಿದ್ದಕ್ಕೆ ಹೆಸರುಗಳಿವೆ, ವ್ಯಾಖ್ಯೆಗಳನ್ನು ಬೇಗ ಮುಗಿಸೋಣ. ‘ಗಂಡಸು ಹೀಗೆ, ಹೆಂಗಸು ಹಾಗೆ’ ಎಂಬ ಊರ ಅಚ್ಚೇ ಪಡಿಯಚ್ಚು. ಆ ಅಚ್ಚಿಗೆ ನಮ್ಮನ್ನೇ ನಾವು ಎರಕ ಹೊಯ್ದುಕೊಂಡರೆ ಅದು ಸ್ವಂತದ ಪಡಿಯಚ್ಚು. ಅಚ್ಚು ನೋಡಿ ಯಾರಿಗೆಷ್ಟು ಸಲ್ಲಬೇಕೆಂದು ತೀರ್ಮಾನಿಸಿದರೆ ಲಿಂಗ ಪೂರ್ವಗ್ರಹ.

1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಂಡ್ರಾ ಬೆಮ್ 60 ಗುಣಗಳ ಪಟ್ಟಿ ಮಾಡಿದರು. ಸಮಾಜ ಗಂಡಿನದೆನ್ನುವವು 20, ಹೆಣ್ಣಿನದೆನ್ನುವವು 20, ಉಳಿದವು ಇಬ್ಬರವೂ. ಎರಡು ಬಗೆಯನ್ನೂ ಬೇರೆಬೇರೆ ಎಣಿಸಿದ್ದೇ ಅವರ ಜಾಣತನ: ಒಬ್ಬರಲ್ಲೇ ಎರಡೂ ಧಾರಾಳವಾಗಿ ಇರಬಹುದು. (ಹತ್ತಿಹೂವೂ ಹಾಗೇ! ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ. ಕೇಸರ ಕಿತ್ತು ‘ಹೆಣ್ಣುಸಾಲು’ ಅಂದವರು ನಾವು.)

ಜನ ಎಡವುವುದು ಮುಂದೆ. ಬೈದರೆ ಮಾತ್ರ ಪೂರ್ವಗ್ರಹ, ಹೊಗಳಿದರೆ ಗೌರವ ಎಂದುಕೊಳ್ಳುತ್ತಾರೆ. ಮನೋವಿಜ್ಞಾನಿಗಳಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ ಈ ಪೂರ್ವಗ್ರಹಕ್ಕೆ 22 ಹೇಳಿಕೆಗಳ ಅಳತೆಗೋಲು ಕಟ್ಟಿದಾಗ 11 ಹಗೆಯವು, 11 ಅಕ್ಕರೆಯವು: ಹೆಣ್ಣು ಹೆಚ್ಚು ಶುದ್ಧಳು, ಅವಳನ್ನು ಗಂಡು ಕಾಯಬೇಕು ಎಂಬ ಧಾಟಿ. 2000ರಲ್ಲಿ ಅದೇ ಅಳತೆಗೋಲಿನ 19 ದೇಶಗಳ ಲೆಕ್ಕ ಬಂತು. ಹಗೆ ಹೆಚ್ಚಿದ್ದ ಕಡೆಯೇ ಅಕ್ಕರೆಯೂ ಹೆಚ್ಚು, ಅಲ್ಲಿನ ಹೆಂಗಸರು ಆ ಅಕ್ಕರೆಯನ್ನು ಒಪ್ಪುವುದೂ ಹೆಚ್ಚು. ಬಿಸಿಲು ಸುಟ್ಟಷ್ಟೂ ನೆರಳು ಹುಡುಕುತ್ತೇವಲ್ಲ, ಹಾಗೆ.

ಈ ಅಕ್ಕರೆ ಒಳಗಿಳಿಯುವ ಬಗೆ ನನಗೆ ಬಲು ಇಷ್ಟದ ವಿಷಯ. ಬೈಗುಳಕ್ಕೆ ಸೆಟೆದು ನಿಲ್ಲಬಹುದು. ಹೊಗಳಿಕೆಗೆ ಸಿಟ್ಟಾಗುವುದು ಹೇಗೆ? ಮನುಎಲಾ ಬರೆಟೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಥ ಅಕ್ಕರೆಯ ಗಂಡಸಿನೊಡನೆ ಕೆಲಸ ಮಾಡಬೇಕೆಂದು ತಿಳಿದ ಹೆಂಗಸರು ತಮ್ಮನ್ನು ಬಣ್ಣಿಸುವಾಗ ಪ್ರೀತಿ, ನಂಟಿನ ಗುಣಗಳನ್ನು ಮುಂದೆ ಮಾಡಿದರು, ಕೆಲಸದ ಜಾಣ್ಮೆಯನ್ನು ಹಿಂದೆ ಸರಿಸಿದರು. ಯಾರೂ ಒತ್ತಾಯ ಮಾಡಿರಲಿಲ್ಲ.

ಹೊಲದ ಮಾತನ್ನು ಈಗ ಮತ್ತೆ ಕೇಳಿ. ಸವಣೂರಿನ ಅಕ್ಕಸಾಲಿಗನ ಕೈಯೂ ಸೂಕ್ಷ್ಮವೇ. ಅದನ್ನು ಕಸುಬು ಅನ್ನುತ್ತೇವೆ, ಮಜೂರಿ ಕೊಡುತ್ತೇವೆ. ಹತ್ತಿಹೊಲದ ಕೈಯನ್ನು ಹುಟ್ಟುಗುಣ ಅನ್ನುತ್ತೇವೆ. ಹುಟ್ಟಿನಿಂದ ಬಂದದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ? ಆಕೆಯೂ ಅದನ್ನೇ ನಂಬಿದರೆ ಕೇಳುವುದೂ ಇಲ್ಲ.

ಬೆಮ್ ಪಟ್ಟಿ ಅಮೆರಿಕದ ಮಾತಿನಲ್ಲಿದೆ. ನಮ್ಮ ‘ಗಟ್ಟಿಗಿತ್ತಿ’ಯನ್ನು, ‘ಗಂಡಸಿನಂಗ ದುಡೀತಾಳ’ ಎಂಬ ಮೆಚ್ಚುಗೆಯನ್ನು ಅದರಲ್ಲಿ ಎಲ್ಲಿಡುವುದು? ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯ ಹುಡುಗ ಹುಡುಗಿಯರು ಹಾನಗಲ್ಲಿನ ಭತ್ತದ ಗದ್ದೆಗೂ ಹಿರೇಕೆರೂರಿನ ಹತ್ತಿಹೊಲಕ್ಕೂ ಹೋಗಿ ಇಂಥ ಮಾತುಗಳನ್ನು ಆಯ್ದು ನಮ್ಮದೇ ಒಂದು ಪಟ್ಟಿ ಕಟ್ಟಲಿ. ಮೊದಲ ಪ್ರಶ್ನೆಯನ್ನು ಬದುವಿನ ಮೇಲೆ ನಿಂತ ಗಂಡಸರಿಗೇ ಕೇಳಲಿ: “ನಿಮ್ಮ ಕೈ ಸೂಕ್ಷ್ಮ ಐತೇನ್ರೀ?”